ಮೊಲದ ಕಿವಿಯ ಕ್ಯಾಮೆರಾ

ಕಾಕಾನನ್ನು ಬರೀ ಕಳ್ಳ ಅಂದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ದೇವರ ದ್ವೇಷಿ ಅಂದರು.

ಕಾಕಾ ಲಕಮನಹಳ್ಳಿಯಲ್ಲಿ ಕಬ್ಬಿಣ ಕಡೆಯುವ ನಮ್ಮ ಲೇಥ್ ಶೆಡ್ಡಿನ ರಾತ್ರಿ ಕಾವಲುಗಾರ. ರಕ್ತಸಂಬಂಧಿಯಲ್ಲ, ಮುಸಲ್ಮಾನರು. ನಾನು ಸಾಲಿ ಬಿಟ್ಟು ಕೆಲಸಕ್ಕೆ ಸೇರಿದ ಹೊಸದರಲ್ಲಿ ತಮ್ಮ ರೊಟ್ಟಿ ಮುರಿದು ಕೊಟ್ಟವರು. ನಮ್ಮ ಮಾಲಕರು ಅಮಾವಾಸ್ಯೆಗೊಮ್ಮೆ ಯಂತ್ರಪೂಜೆ ಮಾಡುತ್ತಾರೆ. ಕಾಯಿ ಒಡೆದು ಕುಂಕುಮ ಹಚ್ಚಿದರೆ ಅವರಿಗೆ ಸಾಲದು. ತಿರುಗುವುದೇ ಲಕ್ಷ್ಮಿ ಎಂದು ಲೇಥಿನ ಬೆಲ್ಟಿಗೇ ತುಪ್ಪ-ಬೆಲ್ಲ ಸವರುತ್ತಾರೆ. ಮರುದಿನ ಬಂದು ನೋಡಿದರೆ ಬೆಲ್ಟು ತುಂಡು! ಪ್ರತಿ ಅಮಾವಾಸ್ಯೆಯೂ ಹೀಗೇ ಆಗತೊಡಗಿತು. ಬೆಲ್ಲದ ಮೇಲೆ ನನಗೂ ಸಂಶಯ ಬರಲಿಲ್ಲ. ನೈವೇದ್ಯದ ಮೇಲೆ ಯಾರಾದರೂ ಸಂಶಯ ಪಡುತ್ತಾರೆಯೇ?

"ನಮ್ಮ ಪೂಜಿ ಆದ ರಾತ್ರಿನ ಯಾಕ ಹರೀತೈತಿ? ಕೀಲಿ ಇರೂದು ನಿನ್ನ ಕೈಯಾಗ. ನಮ್ಮ ದೇವರ ಕಂಡ್ರ ನಿನಗ ಆಗೂದಿಲ್ಲ," ಎಂದರು ಮಾಲಕರು, ಎಲ್ಲರೆದುರು. "ಈ ಅಮಾವಾಸಿಗೂ ಹರಿದರ ಮನೀಗೆ ನಡಿ."

ಕಾಕಾ ತಲೆ ತಗ್ಗಿಸಿ ನಿಂತರು.

ಮನೆಯಲ್ಲಿ ಮಗಳ ಆಟಿಕೆ ಕ್ಯಾಮೆರಾ ಬಿದ್ದಿತ್ತು. ಗುಲಾಬಿ ಬಣ್ಣ, ಮೇಲೆರಡು ಮೊಲದ ಕಿವಿ. ರಾತ್ರಿ ಬೆಲ್ಟು ಹರಿಯುವುದು ಯಾರೆಂದು ಹಿಡಿಯಬೇಕಿತ್ತು; ಕತ್ತಲಲ್ಲೂ ಅದಕ್ಕೆ ಕಾಣುವಂತೆ ಮಾಡುವುದು ಹೇಗೆಂದು ಫೋನಿನಲ್ಲಿ ನೋಡಿಕೊಂಡೆ. ಟಿವಿ ರಿಮೋಟಿನ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಆದರೆ ಅದನ್ನು ತಡೆಯಲು ಲೆನ್ಸಿನ ಹಿಂದೆ ಒಂದು ಗಾಜಿನ ಚೂರು ಕೂರಿಸಿರುತ್ತಾರೆ. ಸೂಜಿಯಿಂದ ಅದನ್ನು ಎಬ್ಬಿಸಿ ತೆಗೆದೆ. ಚಿತ್ರ ಮಸುಕಾಯಿತು, ಲೆನ್ಸನ್ನು ತುಸು ತುಸುವೇ ತಿರುಗಿಸಿ ಸರಿ ಮಾಡಿದೆ. ಹಳೆಯ ರಿಮೋಟುಗಳ ಪುಟ್ಟ ಬಲ್ಬುಗಳನ್ನು ಸುತ್ತಲೂ ಅಂಟಿಸಿ, ಅವುಗಳ ಬೆಳಕು ಲೆನ್ಸಿಗೇ ನುಗ್ಗದಂತೆ ಸೈಕಲ್ ಟ್ಯೂಬಿನ ತುಂಡು ತೊಡಿಸಿದೆ. ಪೂಜೆಯ ಸಂಜೆ ಲೇಥಿನೆದುರಿನ ಕಪಾಟಿನ ಮೇಲೆ, ಬ್ಯಾಟರಿ ಕಟ್ಟಿ, ಇಟ್ಟು ಬಂದೆ.

ಬೆಳಿಗ್ಗೆ ಬೆಲ್ಟು ಹರಿದಿತ್ತು. ಮಾಲಕರು ಬಾಯಿ ತೆರೆಯುವ ಮೊದಲೇ ಕ್ಯಾಮೆರಾದ ಪರದೆಯನ್ನು ಅವರ ಮುಖಕ್ಕೆ ಹಿಡಿದೆ. ಬೂದು ಬಣ್ಣದ ಚಿತ್ರದಲ್ಲಿ ಬೆಕ್ಕಿನಷ್ಟು ದೊಡ್ಡ ಹೆಗ್ಗಣ, ಕಣ್ಣೆರಡೂ ಬಿಳಿ ಗೋಲಿ, ಬೆಲ್ಲದ ಜೊತೆ ಬೆಲ್ಟನ್ನೂ ಕಡಿಯುತ್ತ ಕೂತಿತ್ತು.

ಕಾಕಾ ಬಗ್ಗಿ ನೋಡಿ ನಕ್ಕರು. "ನನಗಿಂತ ಛಲೋ ಉಂಡಾನ ನೋಡ ತಮ್ಮಾ, ತುಪ್ಪ-ಬೆಲ್ಲ!"

ಮಾಲಕರು ನಗಲಿಲ್ಲ. "ಕೂಸಿನ ಆಟಿಗಿ ಸಾಮಾನು ತಂದು ನನಗ ಬುದ್ಧಿ ಹೇಳ್ತಿಯೇನ್ಲೇ? ಹೆಗ್ಗಣ ಬಂದಾಗ ಇಂವ ಏನ್ ಮಾಡಾಕತ್ತಿದ್ದ? ಗೊರಕಿ ಹೊಡ್ಯಾಕತ್ತಿದ್ದನೇನು?"

ಅಷ್ಟೇ. ಮನೆಗೆ ನಡಿ ಎಂಬ ಮಾತೂ ಇಲ್ಲ, ತಪ್ಪಾಯಿತು ಎಂಬ ಮಾತೂ ಇಲ್ಲ. "ಬಿಡೋ ತಮ್ಮಾ, ಕೆಲಸ ಉಳೀತಲ್ಲ," ಎಂದರು ಕಾಕಾ. ನಾನು ಬಿಡಲಿಲ್ಲ. ಮುಂದಿನ ಅಮಾವಾಸ್ಯೆಗೆ ಮಾಲಕರು ಬೆಲ್ಲದ ಬಟ್ಟಲು ಹಿಡಿದು ಬಂದಾಗ ಲೇಥಿಗೆ ಅಡ್ಡ ನಿಂತೆ.

"ಸಾವಕಾರ್ರ, ಮೊದಲ ಕಾಕಾಗ ಒಂದ್ ಮಾತ ಹೇಳ್ರಿ. ಎಲ್ಲಾರ ಮುಂದ ಅಂದೀರಿ, ಎಲ್ಲಾರ ಮುಂದ ಹೇಳ್ರಿ."

ಅವರು ನನ್ನನ್ನು ಪಕ್ಕಕ್ಕೆ ಸರಿಸಿದರು. ಬಟ್ಟಲನ್ನು ಗೋಡೆಯ ದೇವರ ಪಟದ ಮುಂದಿಟ್ಟು, ಬೆಲ್ಟಿಗೆ ಬರೀ ಕುಂಕುಮ ಹಚ್ಚಿ, ಕಾಯಿ ಒಡೆದರು. ಹೆಗ್ಗಣದ ಮಾತನ್ನು ನಂಬಿದ್ದರು ಎಂದಾಯಿತು. ಕಾಕಾನಿಗೆ ಹೇಳಬೇಕಾದ ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಕಾಕಾ ಎಂದಿನಂತೆ ಬಾಗಿಲಲ್ಲಿ ನಿಂತು, ಎರಡೂ ಕೈ ಒಡ್ಡಿ, ಕೊಬ್ಬರಿ ಚೂರು ಇಸಿದುಕೊಂಡರು. ಕಣ್ಣಿಗೊತ್ತಿಕೊಂಡು ತಿಂದರು. ಅದನ್ನು ಕಂಡು ನನ್ನ ಸಿಟ್ಟು ಇನ್ನೂ ಏರಿತು. ನಾನು ಕೈ ಒಡ್ಡಲಿಲ್ಲ. ಆ ಶೆಡ್ಡಿನ ಪ್ರಸಾದವನ್ನು ಇವತ್ತಿಗೂ ಮುಟ್ಟುವುದಿಲ್ಲ.