ರಂಗೋಲಿಯಲ್ಲಿ ಮೂರು ಸಾಮ್ರಾಜ್ಯ

ಅಜ್ಜಂಪುರದ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಸೇರಿದ ವರ್ಷ ನನ್ನ ಕೆಲಸ ಇನ್ನೂ ಹಂಗಾಮಿ. ಇನ್‌ಸ್ಪೆಕ್ಟರು ಬಂದು ಪಾಠ ನೋಡಿ ಮೆಚ್ಚಿದರೆ ಕಾಯಂ. ಇಲ್ಲದಿದ್ದರೆ ಪಂಚನಹಳ್ಳಿಯ ಅಣ್ಣನ ಮನೆ, ಅತ್ತಿಗೆಯ ಅಡಿಗೆಮನೆ. ಗಂಡ ಸತ್ತ ಮೇಲೆ ನಾಲ್ಕು ವರ್ಷ ಅಲ್ಲಿ ಹೊಗೆ ಕುಡಿದಿದ್ದೆ. ಮತ್ತೆ ಅಲ್ಲಿಗೆ ಹೋಗುವುದನ್ನು ನೆನೆದರೇ ಮೈ ಉರಿಯುತ್ತಿತ್ತು.

ಇನ್‌ಸ್ಪೆಕ್ಟರು ಬರಬೇಕಿದ್ದ ದಿನದ ಪಾಠ ಬಾಗ್ದಾದಿನ ಸುವರ್ಣಯುಗ ಮುಗಿದ ಮೇಲೆ ತಲೆಯೆತ್ತಿದ ಮೂರು ಸಾಮ್ರಾಜ್ಯಗಳದ್ದು: ತುರ್ಕಿಯ ಆಟೊಮನ್ನರು, ಪರ್ಷಿಯಾದ ಸಫವಿಗಳು, ಹಿಂದೂಸ್ಥಾನದ ಮೊಗಲರು. ನಮ್ಮಲ್ಲಿದ್ದದ್ದು ಮೈಸೂರು ಸೀಮೆಯ ಭೂಪಟ ಒಂದೇ. ದೊಡ್ಡ ಭೂಪಟ ಕೇಳಲು ಹೋದರೆ ಗಂಡುಮಕ್ಕಳ ಶಾಲೆಯ ಹೆಡ್‌ಮಾಸ್ತರು, "ಹೆಣ್ಣುಮಕ್ಕಳಿಗೆ ತುರ್ಕಿ ಸುದ್ದಿ ಯಾಕಮ್ಮಾ?" ಎಂದು ನಕ್ಕರು. ನಾನೂ ಕಡಿಮೆ ಹಟದವಳಲ್ಲ. ನೆಲ ಸಾರಿಸಿ ರಂಗೋಲಿಯಲ್ಲೇ ಬಿಡಿಸಿ ಎಂದೆ ಹುಡುಗಿಯರಿಗೆ.

ಗಂಡ ಸತ್ತವಳು ರಂಗೋಲಿ ಪುಡಿ ಮುಟ್ಟಬಾರದು. ಹಾಗಾಗಿ ನಾನು ದೂರ ನಿಂತು ಕೋಲಿನಿಂದ ತೋರಿಸುತ್ತಿದ್ದೆ, ಇಲ್ಲಿ ಇಸ್ತಾಂಬುಲ್, ಅಲ್ಲಿ ಇಸ್ಫಹಾನ್ ಎಂದು. ಕಂದಾಯ ವಸೂಲಿ ಮಾಡುವ ಅಮಲ್ದಾರ್ ಎಂಬ ಮಾತು ಪರ್ಷಿಯಾದ ಕಡೆಯಿಂದ ಬಂದದ್ದು ಎಂದಾಗ ಒಬ್ಬಳು ವಾಚಾಳಿ ಹುಡುಗಿ, "ಅಷ್ಟು ದೂರದಿಂದ ಬಂದ್ರೂ ನಮ್ಮೂರ್ ಕಂದಾಯಾನೇ ಬೇಕಾಯ್ತಾ ಅಮ್ಮಾವ್ರೇ?" ಎಂದು ಎಲ್ಲರನ್ನೂ ನಗಿಸಿದಳು.

ಅಷ್ಟರಲ್ಲಿ ಕಡೂರಿನ ಕಡೆಯಿಂದ ಬರುವ ರೈಲು ಕೂಗಿತು. ನಾನು ಇನ್‌ಸ್ಪೆಕ್ಟರನ್ನು ಎದುರುಗೊಂಡು ಕರೆತರುವ ಹೊತ್ತಿಗೆ ಅನಾಹುತವಾಗಿತ್ತು. ತುರ್ಕಿಗೂ ಪರ್ಷಿಯಾಕ್ಕೂ ನಡುವಿನ ಗಡಿಯನ್ನು ಹುಡುಗಿಯರು ಒರೆಸಿ, ಎರಡನ್ನೂ ಒಂದೇ ಎಳೆಯಲ್ಲಿ ಸುತ್ತಿಬಿಟ್ಟಿದ್ದರು.

ಇನ್‌ಸ್ಪೆಕ್ಟರಿಗೆ ಹಾಕಿದ್ದ ಕುರ್ಚಿ ಇದ್ದದ್ದು ದಿಲ್ಲಿಯ ಆಚೆ. ರಂಗೋಲಿ ತುಳಿಯುವಂತಿಲ್ಲ. ಆ ದಪ್ಪ ಮನುಷ್ಯರು ಬೂಟು ಕಳಚಿ, ಗೋಡೆ ಹಿಡಿದು, ಹಿಂದೂ ಮಹಾಸಾಗರವನ್ನು ಬಳಸಿಕೊಂಡು ಹೋಗಿ ಕೂತರು. ಆಮೇಲೆ ಬಗ್ಗಿ ನೋಡಿದರು.

"ಇವೆರಡೂ ಯಾಕಮ್ಮ ಕೂಡಿಕೊಂಡಿವೆ?"

ವಾಚಾಳಿಯೇ ಎದ್ದಳು. "ಗೆರೆ ತುದಿ ಹಂಗೇ ಬಿಡಬಾರ್ದು ಸ್ವಾಮಿ, ಮನೆಗೆ ಒಳ್ಳೇದಲ್ಲ. ಅದಕ್ಕೇ ಸೇರಿಸ್ಬಿಟ್ವಿ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ನೂರು ವರ್ಷ ಬಡಿದಾಡಿದವರನ್ನ ಒಂದು ಬೆಳಿಗ್ಗೆಗೆ ರಾಜಿ ಮಾಡಿಸಿಬಿಟ್ರಲ್ಲ! ಎಲ್ಲಿ, ಗಡಿ ಯಾವ ಕಡೆ ಇತ್ತು, ನೀವೇ ಹಾಕಿ ತೋರಿಸಿ," ಎಂದರು ನನಗೆ.

ನನ್ನ ಸಂಗತಿ ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಕೇಳಿದರೋ, ಇಂದಿಗೂ ತಿಳಿಯದು. ಆಗ ವಾಚಾಳಿ ಪುಡಿ ತುಂಬಿದ ತೆಂಗಿನ ಚಿಪ್ಪನ್ನು ತಂದು ನನ್ನ ಮುಂದೆ ಹಿಡಿದಳು.

ಕೂತೆ. ಮೊದಲ ಗೆರೆ ಸೊಟ್ಟಗಾಯಿತು. ಆಮೇಲೆ ಕೈಗೆ ಹಳೆಯ ಅಭ್ಯಾಸ ಬಂತು. ಫಿರಂಗಿಗಳ ಕಥೆ, ಗಡಿಯ ಕಾಳಗಗಳ ಕಥೆ ಹೇಳುತ್ತಲೇ ಗಡಿ ಎಳೆದು ಮುಗಿಸಿದೆ. ಖುಷಿಗೆ ಅಳು ಬರುವಂತಾಗಿತ್ತು. ಇನ್‌ಸ್ಪೆಕ್ಟರು ತಮ್ಮ ಪುಸ್ತಕದಲ್ಲಿ ಕಾಯಂ ಎಂದು ಬರೆದು, ಬಂದ ಸಮುದ್ರದ ದಾರಿಯಲ್ಲೇ ಹೊರಟರು.

ಪೊರಕೆ ಹಿಡಿದ ವಾಚಾಳಿ ಕೇಳಿದಳು: "ನಾಳೆ ಸ್ಕೂಲ್ ಬಾಗ್ಲಿಗೂ ನೀವೇ ಹಾಕ್ತೀರಾ ಅಮ್ಮಾವ್ರೇ?"

"ಹಾಕ್ತೀನಿ ಕಣೇ," ಎಂದೆ.