ಸೂರಕ್ಕಿಯ ವಿಳಾಸ

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕ್ಯಾಮೆರಾ ಅಕ್ಕ ಎಂದು. ಹಕ್ಕಿಗಳ ಫೋಟೋ ತೆಗೆಯುವವರ ಆನ್‌ಲೈನ್ ಬಳಗದಲ್ಲಿ ಅವಳು ಲಾಂಡ್ರಿ ಮೇಡಂ. ಅಲ್ಲಿಯವರಿಗೂ ಇಲ್ಲಿಯವರಿಗೂ ತಾನು ಪೂರಾ ಸ್ವಂತದವಳಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಹಾಗಂತ ಅದಕ್ಕೆ ತಲೆ ಕೆಡಿಸಿಕೊಳ್ಳುವ ಜಾಯಮಾನ ಅವಳದಲ್ಲ. ಕರೆದರೆ ಓಗೊಟ್ಟರಾಯಿತು, ಮಿಕ್ಕದ್ದು ಕರೆಯುವವರ ಬಾಯಿಚಪಲ.

ಕೆಲಸ ಮಾತ್ರ ಮೈ ಹಿಂಡುವಂಥದ್ದು. ಬೆಳಿಗ್ಗೆ ವಾರ್ಡುಗಳಿಂದ ಇಳಿದು ಬರುವ ಮೂಟೆಗಳನ್ನು ಬಿಚ್ಚಬೇಕು. ರಕ್ತದ ಕಲೆ ಇದ್ದದ್ದನ್ನು ತಣ್ಣೀರಿಗೆ ಹಾಕಿ, ಉಳಿದದ್ದನ್ನು ದೊಡ್ಡ ಮೆಷಿನ್ನಿಗೆ ತುಂಬಬೇಕು. ಒಗೆದು ಬಂದ ಬೆಡ್‌ಶೀಟುಗಳನ್ನು ಹಿಂದಿನ ಅಂಗಳಕ್ಕೆ ಸಾಗಿಸಿ ಹಗ್ಗಗಳ ಮೇಲೆ ಹರವಬೇಕು. ಒದ್ದೆ ಬೆಡ್‌ಶೀಟಿನ ಭಾರ ಹೊತ್ತವರಿಗೇ ಗೊತ್ತು. ಇಷ್ಟು ವರ್ಷ ಹೊತ್ತು, ಕೊಡವಿ, ಹರವಿ ಅವಳ ಮಣಿಕಟ್ಟು ಎಷ್ಟು ಗಟ್ಟಿಯಾಗಿತ್ತೆಂದರೆ, ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದಾಗ ಕೈ ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ.

ಕ್ಯಾಮೆರಾ ಅವಳ ತಮ್ಮನದು. ಜನ ಎಲ್ಲ ಫೋನಿನಲ್ಲೇ ಫೋಟೋ ತೆಗೆದುಕೊಳ್ಳಲು ಶುರುಮಾಡಿದ ಮೇಲೆ ಅವನ ಸ್ಟುಡಿಯೋ ಬಾಗಿಲು ಹಾಕಿತು. "ತಗೋ ಅಕ್ಕ, ಮದುವೆ ಮನೆಯವರ ನಗು ತೆಗೆದು ತೆಗೆದು ಇದಕ್ಕೂ ಬೇಜಾರಾಗಿದೆ" ಎಂದು ಅವಳ ಕೈಗಿತ್ತ. ಮನೆಯಲ್ಲಿ ಅತ್ತೆ ಸುಮ್ಮನಿರಲಿಲ್ಲ. "ಹಾರ್ಕೊಂಡು ಹೋಗೋದರ ಹಿಂದೆ ಯಾಕೆ ಬೀಳ್ತೀಯೇ? ಒಂದೇ ಕಡೆ ಕೂತಿರೋ ನನ್ನದೊಂದು ತೆಗಿ" ಎಂದರು. ತೆಗೆದಳು. ಅತ್ತೆ ಕ್ಯಾಮೆರಾವನ್ನು ಆಚೆ ಈಚೆ ತಿರುಗಿಸಿ, ಅದರಲ್ಲಿ ತಮ್ಮ ಮುಖ ನೋಡಿಕೊಂಡು, "ಹೋಗ್ಲಿ ಬಿಡು, ಹಕ್ಕಿನೇ ವಾಸಿ" ಎಂದು ಕೊಟ್ಟುಬಿಟ್ಟರು.

ಬಳಗಕ್ಕೆ ಸೇರಿಸಿದವನೂ ತಮ್ಮನೇ. ಅಲ್ಲಿ ನೂರಾರು ಜನ. ವೈದ್ಯರು, ವಕೀಲರು, ಮೇಷ್ಟ್ರುಗಳು, ಹೊತ್ತು ಹೋಗದ ನಿವೃತ್ತರು. ಅದನ್ನು ನಡೆಸುತ್ತಿದ್ದವರು ಒಬ್ಬ ನಿವೃತ್ತ ಇಂಜಿನಿಯರು, ಎಲ್ಲರ ಬಾಯಲ್ಲೂ ಅಡ್ಮಿನ್ ಸರ್. ಮನುಷ್ಯ ಕೆಟ್ಟವರಲ್ಲ. ಬೆಳಕು ಯಾವ ಕಡೆಯಿಂದ ಬೀಳಬೇಕು, ಹಕ್ಕಿಯ ಕಣ್ಣಿಗೆ ಫೋಕಸ್ ಹೇಗೆ ಕೂರಿಸಬೇಕು ಎಂದು ಅವಳಿಗೆ ತಾಳ್ಮೆಯಿಂದ ಹೇಳಿಕೊಟ್ಟವರೇ ಅವರು. ಅವಳು ಮೊದಲು ಹಾಕಿದ್ದು ನೀರಿನ ಟ್ಯಾಂಕಿನ ಮೇಲೆ ಕೂತ ಒಂದು ಕಾಗೆಯ ಫೋಟೋ. ಅದಕ್ಕೂ 'ಚೆಂದ' ಎಂದು ಬರೆದಿದ್ದರು. ದಿನವಿಡೀ ಹೊಲಸು ಬಟ್ಟೆಯೊಡನೆ ಹೆಣಗಿ, ಸಂಜೆ ಬಸ್ಸಿನಲ್ಲಿ ಕೂತು ಫೋನ್ ತೆರೆದಾಗ ಆ ಒಂದು ಮಾತು ಕಂಡರೆ ಅವಳಿಗೆ ಎಷ್ಟು ಖುಷಿಯಾಗುತ್ತಿತ್ತು ಎಂದು ಗಂಡನಿಗೂ ಬಿಡಿಸಿ ಹೇಳಿರಲಿಲ್ಲ. ಆ ಬಳಗ ಅವಳಿಗೆ ಬೇಕಾಗಿತ್ತು.

ಆದರೆ ಅಡ್ಮಿನ್ ಸರ್‌ಗೆ ನಿಯಮಗಳ ಹುಚ್ಚು. ಫೋಟೋ ಹಾಕಿದರೆ ತೆಗೆದ ಜಾಗ ಬರೆಯಲೇಬೇಕು, ಬಳಗದೊಳಗೆ ಗುಟ್ಟು ಸಲ್ಲದು. ಹೊಗಳುವುದಿದ್ದರೆ ಎಲ್ಲರೆದುರು, ತಪ್ಪು ಹೇಳುವುದಿದ್ದರೆ ಇನ್‌ಬಾಕ್ಸಿನಲ್ಲಿ. ಮನುಷ್ಯರು ಮನುಷ್ಯರ ಜೊತೆ ಹೇಗಿರಬೇಕು ಎನ್ನುವುದಕ್ಕೆ ಅಲ್ಲಿ ಮಾರುದ್ದದ ನಿಯಮಗಳಿದ್ದವು, ಹಕ್ಕಿಯ ಜೊತೆ ಹೇಗಿರಬೇಕು ಎನ್ನುವುದಕ್ಕೆ ಒಂದು ಸಾಲೂ ಇರಲಿಲ್ಲ. ಇದು ಅವಳ ತಲೆಗೆ ಹೊಳೆದದ್ದು ಕೆರೆಯ ದಂಡೆಯಲ್ಲಿ.

ಯಾರೋ ಒಬ್ಬರು ಕೆರೆಯಂಚಿನ ಕಲ್ಲುಗಳ ನಡುವೆ ಟಿಟ್ಟಿಭ ಮೊಟ್ಟೆಯಿಟ್ಟ ಫೋಟೋ ಹಾಕಿ, ನಿಯಮದಂತೆ ಜಾಗವನ್ನೂ ಬರೆದಿದ್ದರು. ಟಿಟ್ಟಿಭ ಮರದ ಮೇಲೆ ಗೂಡು ಕಟ್ಟುವ ಹಕ್ಕಿಯಲ್ಲ. ಬರಿ ನೆಲದ ಮೇಲೆ ಮೊಟ್ಟೆಯಿಟ್ಟು, ಬಿಸಿಲೇರಿದರೆ ತನ್ನ ಮೈಯನ್ನೇ ನೆರಳು ಮಾಡಿ ನಿಲ್ಲುತ್ತದೆ. ರಜೆಯ ದಿನ ಬಳಗದ ದೊಡ್ಡ ಗುಂಪೇ ಅಲ್ಲಿ ಹಾಜರಾಯಿತು, ಅವಳೂ ಹೋಗಿದ್ದಳು. ಅಬ್ಬಾ, ಎಂಥ ಸಭ್ಯತೆ ಅಂತೀರಿ! ಯಾರೂ ನೂಕಾಡಲಿಲ್ಲ, ಸಾಲಾಗಿ ನಿಂತರು. "ನೀವು ಮೊದಲು ತೆಗೀರಿ ಸರ್." "ಛೆ ಛೆ, ನೀವು ದೂರದಿಂದ ಬಂದಿದ್ದೀರಿ, ನೀವೇ ತೆಗೀರಿ." ಒಬ್ಬೊಬ್ಬರಿಗೆ ಐದೇ ನಿಮಿಷ. ಆ ಐದೈದು ನಿಮಿಷ ಕೂಡಿ ನಡು ಮಧ್ಯಾಹ್ನವಾಯಿತು. ತಾಯಿ ಹಕ್ಕಿ ಎಲ್ಲರ ತಲೆಯ ಮೇಲೆ ಕಿರುಚಿಕೊಂಡು ಸುತ್ತುತ್ತಲೇ ಇತ್ತು, ಕೆಳಗೆ ಮೊಟ್ಟೆಗಳು ಕಾದ ಕಲ್ಲಿನ ಮೇಲೆ ಬೇಯುತ್ತಿದ್ದವು. ತನ್ನ ಸರದಿ ಬಂದಾಗ ಅವಳು ಕ್ಯಾಮೆರಾ ಎತ್ತಲಿಲ್ಲ. "ಸಾಕು, ಎಲ್ಲರೂ ಹೊರಡೋಣ" ಎಂದಳು. "ಹೌದಾ? ಹಾಗಾದ್ರೆ ಮುಂದಿನ ಸರದಿ ನನ್ನದು" ಎಂದು ಹಿಂದಿದ್ದವರು ನಯವಾಗಿ ಮುಂದೆ ಬಂದರು.

ಕೆಲವು ದಿನ ಬಿಟ್ಟು ಅವಳು ಒಬ್ಬಳೇ ಹೋಗಿ ನೋಡಿದಳು. ಮೊಟ್ಟೆಗಳಿಗೆ ಇರುವೆ ಮುತ್ತಿತ್ತು.

ಆ ತಿಂಗಳ ಅತ್ಯುತ್ತಮ ಫೋಟೋ ಅಡ್ಮಿನ್ ಸರ್ ಅವರದೇ. ರೆಕ್ಕೆ ಹರಡಿ, ಕೊಕ್ಕು ತೆರೆದು ಎರಗುತ್ತಿರುವ ಟಿಟ್ಟಿಭ. ಶೀರ್ಷಿಕೆ 'ತಾಯಿಯ ಶೌರ್ಯ'. ಕೆಳಗೆ ಮೆಚ್ಚುಗೆಯ ಸುರಿಮಳೆ. ಅವಳಿಗೆ ಪಿತ್ತ ನೆತ್ತಿಗೇರಿತು. "ಇದು ಶೌರ್ಯ ಅಲ್ಲ ಸರ್. ನೀವು ಹೋಗಿ ಅಂತ ಅದು ನಮಗೆ ಕಿರುಚಿ ಹೇಳ್ತಾ ಇದೆ. ನಾವು ಹೋಗಲಿಲ್ಲ, ಮೊಟ್ಟೆ ಎಲ್ಲ ಹಾಳಾಯ್ತು" ಎಂದು ಬರೆದಳು. ಸ್ವಲ್ಪ ಹೊತ್ತಿಗೆಲ್ಲ ಆ ಮಾತು ಅಲ್ಲಿಂದ ಮಾಯ. ಇನ್‌ಬಾಕ್ಸಿನಲ್ಲಿ ಅಡ್ಮಿನ್ ಸರ್ ಪಾಠ ಬಂತು: "ಮೇಡಂ, ನಿಮ್ಮ ಭಾವನೆಗೆ ಗೌರವವಿದೆ. ಆದರೆ ಎಲ್ಲರೆದುರು ಹೀಗೆ ಬರೆಯುವುದು ನಮ್ಮ ಬಳಗದ ಸಂಸ್ಕಾರವಲ್ಲ." ಅದರ ಬೆನ್ನಿಗೇ, ಕೆರೆಯ ದಂಡೆಯಲ್ಲಿ ಅವಳ ಪಕ್ಕ ನಿಂತಿದ್ದ ಶಾಲೆಯ ಟೀಚರಮ್ಮನ ಮಾತು: "ನೀವು ಹೇಳಿದ್ದು ನೂರಕ್ಕೆ ನೂರು ಸರಿ ಅಕ್ಕ. ಎಲ್ಲರ ಮುಂದೆ ಹೇಳಬಾರದಿತ್ತು, ಅಷ್ಟೆ." ಅಂದರೆ ಮೊಟ್ಟೆ ಎಲ್ಲರ ಮುಂದೆ ಹಾಳಾಗಬಹುದು, ಅದರ ಮಾತು ಮಾತ್ರ ಮರೆಯಲ್ಲಿ ಆಡಬೇಕು. ಆದರೂ ಬಳಗ ಬಿಡಲು ಅವಳಿಗೆ ಮನಸ್ಸು ಬರಲಿಲ್ಲ.

ಹೀಗಿರುವಾಗ ಲಾಂಡ್ರಿಯ ಅಂಗಳಕ್ಕೆ ಸೂರಕ್ಕಿ ಬಂತು. ಹೆಬ್ಬೆರಳಿಗಿಂತ ತುಸು ದೊಡ್ಡದು, ಬಾಗಿದ ಕೊಕ್ಕಿನಿಂದ ಹೂವಿನ ಮಧು ಹೀರುವ ಹಕ್ಕಿ. ಊರಲ್ಲೆಲ್ಲೂ ಜಾಗವೇ ಇಲ್ಲವೆಂಬಂತೆ, ಬೆಡ್‌ಶೀಟುಗಳ ನಡುವೆಯೇ ಓಡಾಡಿ, ಬಟ್ಟೆ ಹರವುವ ನಡುವಿನ ಹಗ್ಗಕ್ಕೆ ಗೂಡು ನೇತುಹಾಕಿತು. ಜೇಡರ ಬಲೆ, ಒಣಗಿದ ಎಲೆಚೂರು, ಲಾಂಡ್ರಿಯದೇ ನೂಲಿನ ಎಳೆಗಳು ಸೇರಿದ ಸಣ್ಣ ಚೀಲ. ಅವಳು ಆ ಹಗ್ಗವನ್ನೂ ಅಕ್ಕಪಕ್ಕದ ಹಗ್ಗಗಳನ್ನೂ ಖಾಲಿ ಬಿಟ್ಟಳು. "ಹೆರಿಗೆ ವಾರ್ಡು ಮೇಲಿದೆಯಲ್ಲಕ್ಕ, ಇದಕ್ಕೆ ಇಲ್ಲೇ ಬೇಕಿತ್ತಾ?" ಎಂದು ಇಸ್ತ್ರಿ ಮಾಡುವ ಅಣ್ಣ ಗೊಣಗಿದ. ಗೊಣಗಿದವನೇ ದಿನಾ ಊಟದ ಹೊತ್ತಿಗೆ ಬಂದು, "ಬಾಣಂತಿ ಹೇಗಿದಾಳೆ?" ಎಂದು ವಿಚಾರಿಸತೊಡಗಿದ.

ಮೆಷಿನ್ ಕೋಣೆಯ ಕಿಟಕಿಯ ಗಾಜಿನ ಹಿಂದೆ ನಿಂತು ಅವಳು ಒಂದು ಫೋಟೋ ತೆಗೆದಳು. ಗೂಡಿನ ಬಾಯಿಯಿಂದ ಹೆಣ್ಣು ಹಕ್ಕಿ ಇಣುಕುತ್ತಿದೆ, ಕೊಕ್ಕಿನ ತುದಿಗೆ ಒಂದೆಳೆ ಬಿಳಿ ನೂಲು. ಬಳಗಕ್ಕೆ ಹಾಕಿದಳು, ಜಾಗ ಬರೆಯಲಿಲ್ಲ. ಮೊಟ್ಟೆಯೊಡೆದು ಮರಿಗಳಾದ ಮೇಲೆ ಅವಳಿಗೆ ಇನ್ನೊಂದೇ ಆಸೆ. ಮರಿಗಳು ಗೂಡಿನಿಂದ ಮೊದಲ ಸಲ ಹೊರಗೆ ಜಿಗಿಯುವ ಗಳಿಗೆಯ ಫೋಟೋ ತೆಗೆಯಬೇಕು. ಅದಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು.

ಅಷ್ಟರಲ್ಲಿ ಅಡ್ಮಿನ್ ಸರ್ ಬಳಗದಲ್ಲೇ ಘೋಷಿಸಿದರು: ವರ್ಷದ ಪ್ರದರ್ಶನಕ್ಕೆ ಲಾಂಡ್ರಿ ಮೇಡಂ ಅವರ ಸೂರಕ್ಕಿ ಆಯ್ಕೆಯಾಗಿದೆ. ದೊಡ್ಡ ಸಭಾಂಗಣ, ಗೋಡೆಗೆ ಚೌಕಟ್ಟು, ಕೆಳಗೆ ಅವಳ ಹೆಸರು. ಅವಳು ಅದನ್ನು ಮನೆಯವರಿಗೆಲ್ಲ ಓದಿ ಹೇಳಿದಳು. ಅತ್ತೆಯಂತೂ ಅಂದು ಏನು ಉಟ್ಟುಕೊಂಡು ಹೋಗುವುದೆಂದು ಆಗಲೇ ಬೀರು ತೆರೆದು ನಿಂತರು. ಮಾರನೆಯ ದಿನ ಇನ್ನೊಂದು ಸಾಲು ಬಂತು: "ಜಾಗ ಬರೆಯುವುದು ಮರೆತಿದ್ದೀರಿ ಮೇಡಂ. ಮರಿಗಳು ಇರುವಾಗಲೇ ಉಳಿದವರೂ ಬಂದು ತೆಗೆದುಕೊಳ್ಳಲಿ."

"ಮರೆತಿಲ್ಲ ಸರ್. ಹೇಳಲ್ಲ" ಎಂದು ಬರೆದಳು.

"ನಿಯಮ ಎಲ್ಲರಿಗೂ ಒಂದೇ. ಜಾಗ ಹೇಳಿ, ಇಲ್ಲವೇ ಬಳಗದ ಕ್ಷಮೆ ಕೇಳಿ ಫೋಟೋ ಹಿಂದಕ್ಕೆ ತೆಗೆದುಕೊಳ್ಳಿ."

ಅವಳು ಎಲ್ಲರೆದುರೇ ಉತ್ತರ ಕೊಟ್ಟಳು: "ನಿಮ್ಮ ಮನೆ ವಿಳಾಸವನ್ನ ನಾನು ಯಾರಿಗೂ ಕೊಟ್ಟಿಲ್ಲ ಸರ್. ಹಕ್ಕಿ ಮನೇದೂ ಕೊಡಲ್ಲ. ಕ್ಷಮೆ ಬೇಕಾದ್ರೆ ಕೇಳೋಣ, ಟಿಟ್ಟಿಭದ ಹತ್ರ, ಎಲ್ಲರೂ ಸಾಲಾಗಿ ನಿಂತು."

ಬಳಗದಲ್ಲಿ ಒಬ್ಬಿಬ್ಬರು ಕೈಮುಗಿದ ಚಿತ್ರ ಹಾಕಿದರು, ಯಾರಿಗೆ ಮುಗಿದರೋ ಅವರಿಗೇ ಗೊತ್ತು. ಮನೆಯಲ್ಲಿ ಗಂಡ ಊಟಕ್ಕೆ ಕೂತವನು ಬುದ್ಧಿ ಹೇಳಿದ. ಅವನು ಸಿಟಿ ಬಸ್ಸಿನ ಡ್ರೈವರು. "ಕ್ಷಮಿಸಿ ಅಂತ ಬರೆದು ಬಿಸಾಕು ಮಾರಾಯ್ತಿ. ನಾನು ದಿನಕ್ಕೆ ಎಷ್ಟು ಸಲ ಹೇಳ್ತೀನಿ."

"ತಪ್ಪು ಮಾಡಿ ಹೇಳ್ತೀರಾ?"

"ಎಲ್ಲಿಯ ತಪ್ಪು? ಬಸ್ಸು ಮುಂದೆ ಹೋಗ್ಲಿ ಅಂತ ಹೇಳ್ತೀನಿ."

"ನಂದು ಮುಂದೆ ಹೋಗೋದು ಬೇಡ. ಇಲ್ಲೇ ನಿಲ್ಲಲಿ" ಎಂದು ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಗಂಡ ಇನ್ನೂ ಉಣ್ಣುತ್ತಿದ್ದ, ಅವನ ತಟ್ಟೆಯೂ ಹೋಯಿತು.

ಆದರೆ ಗುಟ್ಟು ನಿಲ್ಲಲಿಲ್ಲ. ಫೋಟೋದ ಮೂಲೆಯಲ್ಲಿ ಆಸ್ಪತ್ರೆಯ ನೀಲಿ ಅಂಚಿನ ಬೆಡ್‌ಶೀಟಿನ ಚೂರೊಂದು ಉಳಿದುಬಿಟ್ಟಿತ್ತು. ಲಾಂಡ್ರಿ ಮೇಡಂ ಎಂದು ಕರೆದವರಿಗೆ ಲಾಂಡ್ರಿ ಹುಡುಕುವುದೇನು ಮಹಾ? ಒಂದು ಬೆಳಿಗ್ಗೆ ಅವಳು ಮೆಷಿನ್ನಿನಿಂದ ಬೆಡ್‌ಶೀಟು ಹೊರತೆಗೆಯುತ್ತಿರುವಾಗ ಅಂಗಳದಲ್ಲಿ ಅಡ್ಮಿನ್ ಸರ್ ನಿಂತಿದ್ದರು. ಜೊತೆಗೆ ಬಳಗದ ನಾಲ್ಕಾರು ಜನ, ನೆಲಕ್ಕೆ ಊರಿದ ಟ್ರೈಪಾಡುಗಳು. ಪಕ್ಕದಲ್ಲಿ ಲಾಂಡ್ರಿಯ ಸೂಪರ್‌ವೈಸರು ಹಲ್ಲು ಕಿರಿಯುತ್ತ, ತನ್ನ ಅಂಗಳ ಪ್ರದರ್ಶನಕ್ಕೆ ಹೋಗುವ ಸಂಭ್ರಮದಲ್ಲಿದ್ದ.

"ನಮಸ್ಕಾರ ಮೇಡಂ. ಕೋಪ ಎಲ್ಲ ಬಿಡಿ. ಎಲ್ಲರೂ ಶಿಸ್ತಾಗಿ ಒಬ್ಬೊಬ್ಬರೇ ತೆಗೆದುಕೊಂಡು ಹೊರಡ್ತೀವಿ. ಒಬ್ಬರಿಗೆ ಐದೇ ನಿಮಿಷ" ಎಂದರು ಅಡ್ಮಿನ್ ಸರ್.

ಐದೇ ನಿಮಿಷ. ಅವಳ ಮೈ ಉರಿದುಹೋಯಿತು. ತಾಯಿ ಹಕ್ಕಿ ಬಾಯಲ್ಲಿ ಹುಳು ಕಚ್ಚಿಕೊಂಡು ಗೋಡೆಯ ಮೇಲೆ ಕೂತಿತ್ತು, ಗೂಡಿನತ್ತ ಬರಲು ಅದಕ್ಕೆ ಧೈರ್ಯವಿರಲಿಲ್ಲ. ಗೂಡಿನ ಬಾಯಲ್ಲಿ ಎರಡು ಸಣ್ಣ ತಲೆಗಳು. ಇನ್ನೇನು ಇವತ್ತೋ ನಾಳೆಯೋ ಜಿಗಿಯುವ ಮರಿಗಳು ಅವು. ಅವಳ ಕ್ಯಾಮೆರಾ ಕೂಡ ಒಳಗೆ ಚೀಲದಲ್ಲಿ ಕಾದು ಕೂತಿತ್ತು.

ಅವಳು ಒದ್ದೆ ಬೆಡ್‌ಶೀಟಿನ ಗಾಡಿಯನ್ನು ಅಂಗಳಕ್ಕೆ ತಳ್ಳಿಕೊಂಡು ಬಂದಳು. ಗೂಡಿನ ಹಗ್ಗವನ್ನೂ ಅಕ್ಕಪಕ್ಕದವನ್ನೂ ಎಂದಿನಂತೆ ಬಿಟ್ಟು, ಟ್ರೈಪಾಡುಗಳ ನೇರ ಎದುರಿಗಿದ್ದ ಹಗ್ಗದ ಮೇಲೆ ಮೊದಲ ಬೆಡ್‌ಶೀಟು ಹರವಿದಳು. ಅದರ ಪಕ್ಕ ಎರಡನೆಯದು. ಒಂದಕ್ಕೊಂದು ಅಂಚು ಸೇರಿಸಿ, ಕ್ಲಿಪ್ಪು ಹಾಕಿ, ಬೆರಳು ತೂರಿಸಲೂ ಸಂದಿಯಿಲ್ಲದಂತೆ.

"ಅಯ್ಯೋ ಮೇಡಂ, ಅಡ್ಡ ಬರ್ತಿದೆ" ಎಂದರು ಒಬ್ಬರು.

"ಇದು ಲಾಂಡ್ರಿ ಸರ್. ಒಗೆದದ್ದು ಒಣಗಬೇಕು."

ಅವರು ಟ್ರೈಪಾಡು ಎತ್ತಿಕೊಂಡು ಬಲಕ್ಕೆ ಹೋದರು. ಅವಳೂ ಗಾಡಿ ತಳ್ಳಿಕೊಂಡು ಬಲಕ್ಕೆ ಹೋದಳು. ಅವರು ಎಡಕ್ಕೆ ಹೋಗುವಷ್ಟರಲ್ಲಿ ಅಲ್ಲಿ ಇಸ್ತ್ರಿ ಅಣ್ಣ ಇನ್ನೊಂದು ಗಾಡಿಯೊಂದಿಗೆ ಹಾಜರಾಗಿ, ಶಿಳ್ಳೆ ಹಾಕುತ್ತ ಬೆಡ್‌ಶೀಟು ಕೊಡವುತ್ತಿದ್ದ. ಕೊಡವಿದ ನೀರು ಒಬ್ಬರ ಲೆನ್ಸಿನ ಮೇಲೆ ಹಾರಿತು. "ಸ್ವಲ್ಪ ತಡೀ ಕಣಮ್ಮ, ಸಾಹೇಬ್ರು ಬಂದಿದ್ದಾರೆ" ಎಂದು ಸೂಪರ್‌ವೈಸರು ಅಡ್ಡ ಬಂದ. "ಮಧ್ಯಾಹ್ನಕ್ಕೆ ಆಪರೇಷನ್ ಥಿಯೇಟರಿಗೆ ಶೀಟು ಬೇಕು. ತಡವಾದ್ರೆ ಮೇಲಿನವರಿಗೆ ನೀವು ಹೇಳ್ತೀರಾ, ನಾನು ಹೇಳ್ಲಾ?" ಎಂದಳು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ನೋಡುತ್ತಿದ್ದಂತೆ ಗೂಡಿನ ಸುತ್ತ ಬೆಡ್‌ಶೀಟುಗಳ ಕೋಣೆಯೇ ಎದ್ದಿತು. ಮೇಲೆ ಆಕಾಶ ಮಾತ್ರ ತೆರೆದಿತ್ತು. ತಾಯಿ ಹಕ್ಕಿ ಗೋಡೆ ಬಿಟ್ಟು ಹಾರಿ, ಎಲ್ಲರ ತಲೆ ದಾಟಿ, ಮೇಲಿನಿಂದ ಒಳಗಿಳಿಯಿತು. ಒಳಗೆ ಮರಿಗಳ ಚಿಂವ್‌ಗುಟ್ಟುವಿಕೆ ಜೋರಾಯಿತು.

ಅಡ್ಮಿನ್ ಸರ್ ಮುಖ ಕೆಂಪಗಾಗಿತ್ತು. ಆದರೂ ದನಿ ಏರಿಸಲಿಲ್ಲ, ಅವರು ಸಭ್ಯರು. "ಮೇಡಂ, ಇದಾದ ಮೇಲೆ ನಿಮ್ಮನ್ನ ಬಳಗದಲ್ಲಿ ಇಟ್ಟುಕೊಳ್ಳೋದು ಕಷ್ಟ. ಪ್ರದರ್ಶನದಿಂದಲೂ ಫೋಟೋ ತೆಗೀಬೇಕಾಗುತ್ತೆ."

ಸಂಜೆಯ ಬಸ್ಸು, ಆ 'ಚೆಂದ', ಅತ್ತೆ ಆರಿಸಿ ಮಡಿಸಿಟ್ಟ ಬಟ್ಟೆ, ಎಲ್ಲ ಅವಳ ಕಣ್ಣ ಮುಂದೆ ಬಂತು. ಕೊನೆಯ ಕ್ಲಿಪ್ಪು ಹಾಕಿ, ಒದ್ದೆ ಕೈ ಒರೆಸಿಕೊಂಡು ತಿರುಗಿದಳು.

"ತೆಗೀರಿ ಸರ್. ಇನ್‌ಬಾಕ್ಸಲ್ಲಿ ಬೇಡ, ಎಲ್ಲರ ಮುಂದೆನೇ ತೆಗೀರಿ. ಯಾಕೆ ತೆಗೆದ್ರಿ ಅನ್ನೋದನ್ನೂ ಬರೀರಿ."

ಅವರು ಹೋದರು. ಹೊತ್ತು ಮುಳುಗುವ ಮೊದಲೇ ಅವಳು ಬಳಗದಿಂದ ಹೊರಗೆ. ಕಾರಣ ಯಾರೂ ಬರೆದಿರಲಿಲ್ಲ. ಮತ್ತೆ ಬಂದಾರು ಎಂದು ಅವಳೂ ಇಸ್ತ್ರಿ ಅಣ್ಣನೂ ಬೆಡ್‌ಶೀಟುಗಳನ್ನು ಒಣಗಿದ ಹಾಗೆ ತೆಗೆದು, ಒದ್ದೆಯವನ್ನು ಅದೇ ಜಾಗಕ್ಕೆ ಹರವುತ್ತ ಹೋದರು. ಆ ಕೋಣೆಯ ಗೋಡೆಯನ್ನು ಒಮ್ಮೆಯೂ ಖಾಲಿ ಬಿಡಲಿಲ್ಲ. ಮೆಷಿನ್ ಕೋಣೆಯ ಕಿಟಕಿಯಿಂದ ನೋಡಿದರೆ ಈಗ ಅವಳಿಗೂ ಕಾಣುತ್ತಿದ್ದದ್ದು ಬರಿ ಬಿಳಿ ಬಟ್ಟೆ. ಒಂದು ಬೆಳಿಗ್ಗೆ ಚಿಂವ್‌ಗುಟ್ಟುವ ಸದ್ದು ಗೋಡೆಯಾಚೆಯ ಮರದಿಂದ ಬಂತು. ಓಡಿಹೋಗಿ ಬೆಡ್‌ಶೀಟು ಸರಿಸಿ ನೋಡಿದಳು. ಗೂಡು ಖಾಲಿ. ಅವಳು ಕಾದುಕೊಂಡಿದ್ದ ಗಳಿಗೆ ಅವಳಿಗೂ ಕಾಣದೆ ಮುಗಿದುಹೋಗಿತ್ತು. ಅಂಗಳದ ನಡುವೆ ನಿಂತು ಅವಳು ಗಟ್ಟಿಯಾಗಿ ನಕ್ಕಳು.

ಸಂಜೆ ಬಸ್ಸಿನಲ್ಲಿ ಫೋನ್ ಒಮ್ಮೆ ಕುಂಯ್ ಎಂದಿತು. ಟೀಚರಮ್ಮ. "ಬೇಜಾರಾಯ್ತು ಅಕ್ಕ. ಮರಿ ಹಾರೋ ಫೋಟೋನಾದ್ರೂ ಸಿಕ್ತಾ?"

ಅವಳು ಬರೆದಳು: "ಫೋಟೋ ಸಿಗಲಿಲ್ಲ. ಮರಿಗಳು ಹಾರಿದ್ವು. ಈ ಸುದ್ದಿನ ನಿಮ್ಮ ಹತ್ರಾನೇ ಇಟ್ಕೋಬೇಡಿ, ಬಳಗದಲ್ಲಿ ಎಲ್ಲರ ಮುಂದೆ ಹೇಳಿ."