ಹಿಂದಿನ ಬಲಚಕ್ರದ ಹಿಮ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಕುವೈತಿನ ನಮ್ಮ ಕನ್ನಡದವರ ಮನೆಗಳಲ್ಲಿ ಹಬ್ಬದೂಟ ಮುಗಿದ ಮೇಲೆ ಮಾತು ಹೇಗೋ ಅಲ್ಲಿಗೇ ತಿರುಗುತ್ತದೆ. ಒಬ್ಬರಿಗೆ ಕನಸಿನಲ್ಲಿ ಕಂಡದ್ದು ನಿಜವಾಗಿರುತ್ತದೆ, ಇನ್ನೊಬ್ಬರನ್ನು ಯಾರೋ ಹೆಸರು ಹಿಡಿದು ಕರೆದಿರುತ್ತಾರೆ. ನಾನು ಕಾಂಕ್ರೀಟ್ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅಳೆಯಲಾಗದ್ದು ನನಗೆ ಬೇಡ. ಆದ್ದರಿಂದ ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ನಾನು ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಅದು ಕೆಲವು ವರ್ಷಗಳ ಹಿಂದಿನ ಜನವರಿ. ಮಗಳು ಇಂಚರಾಳಿಗೆ ಆಗ ಒಂಬತ್ತು. ಹುಟ್ಟಿದ್ದು ಕುವೈತಿನಲ್ಲಿ, ರಜೆಗೆ ಹೋಗುವುದು ಮೈಸೂರಿಗೆ. ಹಿಮವನ್ನು ಅವಳು ಟಿವಿಯಲ್ಲಿ ಮಾತ್ರ ಕಂಡಿದ್ದಳು. ನಿಜ ಹೇಳಬೇಕೆಂದರೆ ನಾನೂ ಅಷ್ಟೇ. ಸೌದಿಯ ತಬೂಕ್ ಕಡೆಯ ಬೆಟ್ಟಗಳ ಮೇಲೆ ಹಿಮ ಬೀಳಲಿದೆ, ಕುವೈತಿನಿಂದ ಜನ ಕಾರು ಹತ್ತಿ ಹೊರಡುತ್ತಿದ್ದಾರೆ ಎಂಬ ಸುದ್ದಿ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ನನ್ನ ಗಂಡ ಮಧು ಬ್ಯಾಂಕಿನಲ್ಲಿ ರಜೆ ಹಾಕಿದರು, ನಾನು ಲ್ಯಾಬಿನಲ್ಲಿ ಹಾಕಿದೆ. ಸಾವಿರಕ್ಕೂ ಹೆಚ್ಚು ಕಿಲೋಮೀಟರಿನ ದಾರಿ. ಆ ವಾರವಿಡೀ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಯಾವ ಕಾರಿನಲ್ಲಿ ಹೋಗುವುದು ಎಂಬುದೇ ಮೊದಲ ಜಗಳ. ನಮ್ಮಲ್ಲಿ ಒಂದು ಹೊಸ ಸೆಡಾನ್ ಇತ್ತು. ಊರಿಗೆ ಮರಳಿದ ಒಂದು ಕುಟುಂಬದಿಂದ ಕೊಂಡ ಹಳೆಯ ಫೋರ್ ವೀಲ್ ಗಾಡಿಯೂ ಇತ್ತು. ಹೊಸದು ನಂಬಿಕಸ್ತ ಎಂದು ಮಧು, ಎತ್ತರದ್ದು ಬೇಕು ಎಂದು ನಾನು. ಕೊನೆಗೆ ಇಬ್ಬರೂ ಜಹ್ರಾದಲ್ಲಿ ಟೈರ್ ಅಂಗಡಿ ನೋಡಿಕೊಳ್ಳುವ ಹಮೀದ್ ಭಾಯಿಯನ್ನು ಕೇಳಲು ಹೋದೆವು. ಅವರು ಉಪ್ಪಿನಂಗಡಿ ಕಡೆಯವರು.

"ಸ್ನೋಗೆ ಟೈರಾ ಅಕ್ಕ?" ಹಮೀದ್ ಭಾಯಿ ಜೋರಾಗಿ ನಕ್ಕರು. "ಇಲ್ಲಿ ಜನ ಮರಳಿಗೆ ಕೇಳ್ತಾರೆ, ಸೆಕೆಗೆ ಕೇಳ್ತಾರೆ. ಸ್ನೋಗೆ ಕೇಳಿದ್ದು ನೀವೇ ಫಸ್ಟ್!"

ನಕ್ಕರೂ ಪಾಠ ಮಾತ್ರ ಚೆನ್ನಾಗಿ ಮಾಡಿದರು. ನಮ್ಮ ಟೈರುಗಳ ರಬ್ಬರು ಬೇಸಿಗೆಗೆಂದೇ ಮಾಡಿದ್ದು, ಚಳಿಗೆ ಗಟ್ಟಿಯಾಗಿ ಜಾರುತ್ತದೆ. ಅಪ್ಪಟ ಚಳಿಗಾಲದ ಟೈರು ಹಾಕಿದರೆ ಕುವೈತಿನ ಬಿಸಿಗೆ ಬೇಗ ಸವೆಯುತ್ತದೆ. ಆದ್ದರಿಂದ ಎಲ್ಲ ಕಾಲಕ್ಕೂ ಆಗುವಂಥದ್ದನ್ನೇ ತೆಗೆದುಕೊಳ್ಳಬೇಕು, ಆದರೆ ಟೈರಿನ ಬದಿಯಲ್ಲಿ ಬೆಟ್ಟದ ಚಿತ್ರದೊಳಗೆ ಹಿಮದ ಹರಳು ಬರೆದ ಗುರುತು ಇರಲೇಬೇಕು.

"ಫೋರ್ ವೀಲ್ ಇದ್ರೆ ಹೆದರಿಕೆ ಇಲ್ಲ ಅಲ್ವಾ?" ಎಂದು ನಾನು ಕೇಳಿದೆ.

"ಫೋರ್ ವೀಲ್ ಗಾಡಿ ಎಳೀಲಿಕ್ಕೆ ಆಯ್ತು ಅಕ್ಕ, ನಿಲ್ಲಿಸ್ಲಿಕ್ಕೆ ಅಲ್ಲ. ನಿಲ್ಲಿಸುದು ಟೈರು."

ಹಳೆಯ ಗಾಡಿಯ ಅಳತೆಗೆ ಅಂಥ ಟೈರು ಅವರ ಹತ್ತಿರ ಸರಿಯಾಗಿ ಐದು ಇದ್ದವು. ನಾಲ್ಕನ್ನು ಹಾಕಿಸಿಕೊಂಡು ಬಂದೆವು. ಜಗಳ ಅಲ್ಲಿಗೆ ಮುಗಿಯಿತು.

ನಾಲ್ಕು ದಿನಗಳ ನಂತರ ಹೊರಡುವ ಬೆಳಿಗ್ಗೆ. ಬ್ನೇದ್ ಅಲ್ ಗಾರ್‌ನ ನಮ್ಮ ಕಟ್ಟಡದ ಎದುರು ಮರಳಿನ ಬಯಲಿದೆ, ಎಲ್ಲರೂ ಅಲ್ಲೇ ಕಾರು ನಿಲ್ಲಿಸುತ್ತಾರೆ. ಬಿಸಿಲು ಆಗಲೇ ಬಂದಿತ್ತು. ತಣ್ಣಗಿತ್ತು ನಿಜ, ಆದರೆ ಒಂದು ಸ್ವೆಟರಿನ ಚಳಿ, ಅಷ್ಟೆ. ಮಧು ಹಿಂದೆ ಚೀಲಗಳನ್ನು ಜೋಡಿಸುತ್ತಿದ್ದರು. ಇಂಚರಾ ಗಾಡಿಯ ಆಚೆ ಬದಿಯಿಂದ ಕಿರುಚಿದಳು.

"ಅಮ್ಮಾ! ಸ್ನೋ! ಅಮ್ಮಾ, ಕಮ್ ಫಾಸ್ಟ್!"

ಹೋಗಿ ನೋಡಿದೆ. ಹಿಂದಿನ ಬಲಚಕ್ರದ ಸುತ್ತ, ಮೇಲಿನ ಕಮಾನಿನೊಳಗೆ, ಟೈರಿನ ಗೀರುಗಳಲ್ಲಿ ಬೆಳ್ಳಗೆ ಏನೋ ಒತ್ತಾಗಿ ಮೆತ್ತಿಕೊಂಡಿತ್ತು. ಉಳಿದ ಮೂರು ಚಕ್ರಗಳಲ್ಲಿ ಧೂಳು. ಅಕ್ಕಪಕ್ಕದ ಕಾರುಗಳಲ್ಲೂ ಧೂಳು. ಕೆಳಗಿನ ಮರಳು ಒಣಗಿಯೇ ಇತ್ತು. ನಾವು ನೋಡುತ್ತಿದ್ದಂತೆ ಮೊದಲ ಹನಿ ತೊಟ್ಟಿಕ್ಕಿತು.

"ಯಾರೋ ಮೀನಿನ ಐಸ್ ಸುರಿದಿದಾರೆ ಕಣೆ," ಎಂದರು ಮಧು.

"ಐಸ್ ಅಲ್ಲ ರೀ, ಮುಟ್ಟಿ ನೋಡಿ."

ಅದು ಗಡ್ಡೆಯಾಗಿರಲಿಲ್ಲ. ಹತ್ತಿಯಂತೆ ಹಗುರ, ಹಿಂಡಿದರೆ ಕಿರುಗುಟ್ಟಿ ಉಂಡೆಯಾಗುತ್ತಿತ್ತು. ಇಂಚರಾ ಆಗಲೇ ಒಂದು ಉಂಡೆ ಕಟ್ಟಿ ಅಪ್ಪನ ಬೆನ್ನಿಗೆ ಎಸೆದು ಕುಣಿಯುತ್ತಿದ್ದಳು. ನನಗೆ ಭಯವಾಯಿತೇ ಎಂದು ಈಗ ಯಾರಾದರೂ ಕೇಳಬಹುದು. ಇಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಅದು ಮಗುವಿನ ಹಾಗೆ, ಖುಷಿಗೆ. ಮೊಣಕಾಲೂರಿ ಎರಡೂ ಕೈ ಒಳಗೆ ಹಾಕಿ ಬಾಚಿ ಬಾಚಿ ತೆಗೆದೆ. ಬೆರಳುಗಳು ಮರಗಟ್ಟಿದವು. ಹಾಗೆ ತೆಗೆಯುವಾಗಲೇ ಟೈರಿನ ಒಳಬದಿಯಲ್ಲಿ, ಹೊರಗಿನಿಂದ ಕಾಣದ ಜಾಗದಲ್ಲಿ, ನಿಂಬೆಹಣ್ಣಿನಷ್ಟು ದಪ್ಪದ ಒಂದು ಉಬ್ಬು ಕೈಗೆ ಸಿಕ್ಕಿತು.

"ರೀ, ಇಲ್ಲೇನೋ ಇದೆ."

ಮಧು ಕೈ ಹಾಕಿ ನೋಡಿದರು. ಅವರ ಮುಖದ ನಗು ಹೋಯಿತು. ಎರಡು ದಿನದ ಹಿಂದೆ ಸುಲೈಬಿಯಾಕ್ಕೆ ತರಕಾರಿಗೆ ಹೋದಾಗ ಚಕ್ರ ಒಂದು ಗುಂಡಿಗೆ ಧಡ್ ಎಂದು ಬಿದ್ದಿತ್ತಂತೆ. ಇಳಿದು ನೋಡಿದ್ದರು, ಹೊರಗೆ ಏನೂ ಕಂಡಿರಲಿಲ್ಲ, ನನಗೆ ಹೇಳಿರಲಿಲ್ಲ.

ಸೆಡಾನಿನಲ್ಲಿ ಹೋಗೋಣವೆಂದರೆ ಅದರದು ಬೇಸಿಗೆಯ ಟೈರು, ಈ ಗಾಡಿಯ ಸ್ಟೆಪ್ನಿಯೋ ಸವೆದು ಬೋಳಾದ ಹಳೆಯದು. ತಡಮಾಡಿದರೆ ಬೆಟ್ಟದ ಮೇಲಿನ ಹಿಮ ಕರಗಿಹೋಗುವ ಭಯ. ಜಹ್ರಾ ಹೇಗೂ ದಾರಿಯಲ್ಲೇ ಇದೆ ಎಂದು ನಿಧಾನವಾಗಿ, ರಸ್ತೆಯ ಅಂಚಿನಲ್ಲೇ ಓಡಿಸಿಕೊಂಡು ಹೋದೆವು. ಇಂಚರಾ ಹಿಂದಿನ ಸೀಟಿನಲ್ಲಿ ಎಡೆಬಿಡದೆ ಮಾತಾಡುತ್ತಿದ್ದಳು. ನನ್ನ ಕಿವಿ ಹಿಂದಿನ ಚಕ್ರದ ಮೇಲೇ ಇತ್ತು.

ಹಮೀದ್ ಭಾಯಿ ಚಕ್ರ ಬಿಚ್ಚಿ ತಿರುಗಿಸಿದರು. "ಯಾ ಅಲ್ಲಾ! ಸಾರ್, ಇದು ಒಳಗಿನ ನೂಲೇ ಕಡ್ದಿದೆ. ಹೈವೇಯಲ್ಲಿ ನೂರಿಪ್ಪತ್ತರಲ್ಲಿ, ಬಿಸಿಯಾಗಿ..." ಎಂದವರು ಇಂಚರಾಳನ್ನು ನೋಡಿ ಮಾತು ನಿಲ್ಲಿಸಿದರು. "ಜ್ಯಾಕ್ ಹಾಕದೆ ಇದು ನಿಮ್ಗೆ ಕಂಡದ್ದು ಹೇಗೆ ಅಕ್ಕ?"

ನಾನು ಹೇಳಿದೆ. ಮೊದಲು ನಕ್ಕರು. ಆಮೇಲೆ ಬ್ರೇಕಿನ ಹಿಂದಿನ ಸಂದಿಗೆ ಬೆರಳು ಹಾಕಿ ಏನನ್ನೋ ಹೊರತೆಗೆದರು. ಒಂದು ಚಿಟಿಕೆ ಬಿಳುಪು. ಅದು ಅವರ ಅಂಗೈಯಲ್ಲಿ ಕರಗಿ ನೀರಾಗುವವರೆಗೂ ನಾಲ್ವರೂ ನೋಡುತ್ತ ನಿಂತೆವು. ಆಮೇಲೆ ಅವರು ಉಳಿದಿದ್ದ ಐದನೆಯ ಟೈರನ್ನು ತಂದು ಹಾಕಿಕೊಟ್ಟರು.

ನಾವು ಹೋದೆವು. ಎರಡನೆಯ ದಿನ ಸಂಜೆಯೊಳಗೆ ಬೆಟ್ಟ ಸೇರಿದೆವು. ಟೈರು ಒಂದು ಕಡೆಯೂ ಜಾರಲಿಲ್ಲ. ಹಿಮ ಇತ್ತು, ಕಣ್ಣು ಕೋರೈಸುವಷ್ಟು ಇತ್ತು. ಮಗಳು ಅದರಲ್ಲಿ ಉರುಳಾಡಿದಳು, ಅವಳ ಅಪ್ಪನೂ ಉರುಳಾಡಿದರು.

ನಾನು ಒಂದು ಬದಿಗೆ ಹೋಗಿ ಬಾಗಿ ಒಂದು ಬೊಗಸೆ ತೆಗೆದುಕೊಂಡೆ. ಅಲ್ಲಿಯವರೆಗೂ ನನ್ನ ಮನಸ್ಸಿನಲ್ಲಿ ಒಂದು ಸಮಾಧಾನವಿತ್ತು. ನಾನು ಹಿಮವನ್ನೇ ಮುಟ್ಟಿದವಳಲ್ಲ, ನಿನ್ನೆ ಮುಟ್ಟಿದ್ದು ಯಾವುದೋ ಅಂಗಡಿಯ ಐಸೇ ಇದ್ದರೂ ನನಗೆ ಹೇಗೆ ಗೊತ್ತಾಗಬೇಕು ಎಂದು. ಬೊಗಸೆಯನ್ನು ಹಿಂಡಿದೆ. ಅದೇ ಹಗುರ. ಬೆರಳ ನಡುವೆ ಅದೇ ಕಿರುಗುಟ್ಟುವ ಸದ್ದು. ಸುತ್ತ ಜನ ಕೇಕೆ ಹಾಕುತ್ತಿದ್ದರು. ನನಗೆ ನಗುವೂ ಬಂತು, ಅಳುವೂ ಬಂತು.

ಮಧು ಇವತ್ತಿಗೂ ಮೀನಿನ ಐಸ್ ಎನ್ನುತ್ತಾರೆ, ಹೇಳುವಾಗ ಮಾತ್ರ ನನ್ನ ಮುಖ ನೋಡುವುದಿಲ್ಲ. ನಾನು ಬೇಕಾದಷ್ಟು ಯೋಚಿಸಿದ್ದೇನೆ. ಎಲ್ಲಿಂದ ಬಂತು, ಯಾರು ತಂದರು, ಆ ಒಂದೇ ಚಕ್ರಕ್ಕೆ ಏಕೆ? ಗೊತ್ತಿಲ್ಲ. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆಹೋಗಿರುವಾಗ ಕನ್ನಡಿಯಲ್ಲಿ ಅವಳನ್ನು ನೋಡುತ್ತೇನೆ, ಗೊತ್ತಿಲ್ಲದಿದ್ದರೂ ಪರವಾಗಿಲ್ಲ ಅನ್ನಿಸುತ್ತದೆ.